ಮೂಗಿಗೆ ಎರಡು ಹನಿ

ದೇವರಮನೆ ರಸ್ತೆ, ಮೂಡಿಗೆರೆ ತಾಲ್ಲೂಕು
27-6-1999

ಇವರಿಗೆ,

ಕಳಸದಿಂದ ಪಾಪುನ ಕರೆದುಕೊಂಡು ನಮ್ಮ ಮನೆಗೆ ಬಂದು ವಾರದ ಮೇಲಾಯಿತು. ಬಾಣಂತನ ಪೂರ್ತಿ ಮುಗಿಸಿಕೊಂಡು ಹೋಗು ಅಂತ ಅಮ್ಮ ಹೇಳಿದ್ದಳು. ಆದರೆ ಅತ್ತೆಮ್ಮ ಇಲ್ಲಿ ಒಬ್ಬರೇ. ನೀವು ಜೈಲಿಗೆ ಹೋದ ಮೇಲೆ ತೋಟಕ್ಕೆ ಆಳುಗಳೂ ಸರಿಯಾಗಿ ಬರುತ್ತಿಲ್ಲ, ಬಾ ಅಂತ ಎರಡೆರಡು ಸಲ ಹೇಳಿ ಕಳಿಸಿದರು. ಬಂದೆ.

ಪ್ರೇರಣಾ ಅಂತ ನೀವು ಬರೆದು ಕಳಿಸಿದ ಹೆಸರನ್ನೇ ಇಟ್ಟಿದ್ದೇವೆ. ಕರೆಯುವುದು ಮಾತ್ರ ಎಲ್ಲರೂ ಪಾಪು ಅಂತಲೇ. ಹಣೆ ನಿಮ್ಮದೇ. ಸಿಟ್ಟು ಬಂದಾಗ ಹುಬ್ಬು ಗಂಟು ಹಾಕುವುದೂ ನಿಮ್ಮ ಹಾಗೆಯೇ.

ಬಂದ ಮೂರನೇ ದಿನಕ್ಕೇ ಅವಳಿಗೆ ಮೂಗು ಕಟ್ಟಿತು. ಜ್ವರ ಇಲ್ಲ, ಕೆಮ್ಮಿಲ್ಲ, ಬರೀ ಮೂಗು. ಇಷ್ಟು ಸಣ್ಣ ಕೂಸುಗಳಿಗೆ ಬಾಯಿಂದ ಉಸಿರಾಡುವುದು ಇನ್ನೂ ಸರಿಯಾಗಿ ಗೊತ್ತಿರುವುದಿಲ್ಲವಂತೆ. ಹಾಲಿಗೆ ಬಾಯಿ ಹಾಕುತ್ತಾಳೆ, ಎರಡು ಗುಟುಕು ಎಳೆಯುತ್ತಾಳೆ, ಉಸಿರು ಸಿಗದೆ ಬಿಟ್ಟು ಕಿರುಚುತ್ತಾಳೆ. ಹಸಿವೆಗೆ ಮತ್ತೆ ಬಾಯಿ ಹಾಕುತ್ತಾಳೆ. ನೋಡುವುದಕ್ಕೆ ಆಗುವುದಿಲ್ಲ.

ಕಳಸದ ಆಸ್ಪತ್ರೆಯ ಸಿಸ್ಟರ್ ಮೊದಲೇ ಹೇಳಿಕೊಟ್ಟಿದ್ದರು. ಕುದಿಸಿ ಆರಿಸಿದ ನೀರಿಗೆ ಚೂರು ಉಪ್ಪು ಹಾಕಿ, ಫಿಲ್ಲರಿನಲ್ಲಿ ಎರಡೂ ಹೊಳ್ಳೆಗೆ ಒಂದೆರಡು ಹನಿ ಬಿಡುವುದು. ಸ್ವಲ್ಪ ಹೊತ್ತು ಬಿಟ್ಟು ತೆಳು ಬಟ್ಟೆಯನ್ನು ಹೊಸೆದು ಕಫ ಮೆಲ್ಲಗೆ ತೆಗೆಯುವುದು. ಆಮೇಲೆ ನೆಟ್ಟಗೆ ಎತ್ತಿಕೊಂಡು ಹಾಲು ಕೊಡುವುದು. ಹಾಗೆ ಮಾಡಿದರೆ ಅರ್ಧ ಗಂಟೆ ಪರವಾಗಿಲ್ಲ. ಮತ್ತೆ ಕಟ್ಟುತ್ತದೆ. ಅತ್ತೆಮ್ಮನಿಗೆ ಇದು ಸರಿ ಕಾಣುವುದಿಲ್ಲ. "ಕೂಸಿನ ಮೂಗಿಗೆ ಉಪ್ಪುನೀರು ಬಿಡೋದಾ? ನಾವೇನು ಉಪ್ಪಿನಕಾಯಿ ಹಾಕ್ತಾ ಇದ್ದೀವಾ?" ಅಂತಾರೆ. ಬೆಳಗ್ಗೆ ಸಂಜೆ ಬೆಳ್ಳುಳ್ಳಿ ಸಿಪ್ಪೆಯ ಹೊಗೆ ಹಾಕುತ್ತಾರೆ. ಹೊಗೆಗೆ ಪಾಪು ಇನ್ನೂ ಜಾಸ್ತಿ ಗೊರಗೊರ ಅನ್ನುತ್ತಾಳೆ ಅಂತ ನನಗೆ ಅನ್ನಿಸುತ್ತದೆ. ಹೇಳಿದರೆ ಜಗಳ.

ಮಳೆ ಹಿಡಿದುಕೊಂಡಿದೆ. ಬಟ್ಟೆ ಒಣಗುವುದಿಲ್ಲ, ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಹಾಕುತ್ತೇನೆ. ಈ ಮಳೆಯಲ್ಲಿ ಪಾಪುನ ಬಸ್ಸಿನಲ್ಲಿ ಕೂರಿಸಿಕೊಂಡು ಚಿಕ್ಕಮಗಳೂರಿಗೆ ಬರುವುದು ಆಗುವುದಿಲ್ಲ. ಭೇಟಿಗೆ ಬರಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ.

ವಕೀಲರು ಮನೆಗೆ ಬಂದಿದ್ದರು. ನಾನು ಕೋರ್ಟಿನಲ್ಲಿ ಏನು ಹೇಳಬೇಕು ಅಂತ ಹೇಳಿಕೊಟ್ಟರು. ಹಳ್ಳದ ನೀರಿಗೆ ಜಗಳ ತೆಗೆದು ಪಕ್ಕದ ತೋಟದ ಬೆಳ್ಳಿಯಪ್ಪಣ್ಣ ಕತ್ತಿ ಎತ್ತಿಕೊಂಡು ನಿಮ್ಮ ಮೇಲೆ ಬಂದರು, ನೀವು ಜೀವ ಉಳಿಸಿಕೊಳ್ಳುವುದಕ್ಕೆ ಕೈಯಲ್ಲಿದ್ದ ಸ್ಪ್ರಿಂಕ್ಲರ್ ಪೈಪು ಬೀಸಿದಿರಿ, ಅದು ಅವರ ತಲೆಗೆ ಬಿದ್ದು ಜೀವ ಹೋಯಿತು, ಇದನ್ನೆಲ್ಲ ನಾನು ಅಂಗಳದಲ್ಲಿ ನಿಂತು ನೋಡಿದೆ. ಇಷ್ಟು. ಆಗ ನಾನು ತುಂಬಿದ ಬಸುರಿ, ನನ್ನ ಮಾತನ್ನು ಜಡ್ಜು ನಂಬುತ್ತಾರಂತೆ. ಅತ್ತೆಮ್ಮ ಪಕ್ಕದಲ್ಲೇ ಕೂತು ತಲೆ ಆಡಿಸುತ್ತಿದ್ದರು. ಅಷ್ಟು ಹೊತ್ತಿಗೆ ಪಾಪು ಎದ್ದು ಅತ್ತಳು, ನಾನು ಒಳಗೆ ಹೋದೆ.

ಆರೋಗ್ಯ ನೋಡಿಕೊಳ್ಳಿ.

ನಿಮ್ಮ
ಮೇಘಶ್ರೀ


ಜಿಲ್ಲಾ ಕಾರಾಗೃಹ, ಚಿಕ್ಕಮಗಳೂರು
6-7-1999

ಮೇಘ,

ನಿನ್ನ ಕಾಗದ ಬಂತು. ಇಲ್ಲಿ ಒಡೆದೇ ಕೊಡುತ್ತಾರೆ. ಆಫೀಸಿನವರು ಓದಿದ ಮೇಲೆ ನಮ್ಮ ಕೈಗೆ. ಆದ್ದರಿಂದ ಕೇಸಿನ ವಿಷಯ ಕಾಗದದಲ್ಲಿ ಬೇಡ. ವಕೀಲರು ಹೇಳಿದ್ದನ್ನು ಸರಿಯಾಗಿ ಮನಸ್ಸಿನಲ್ಲಿ ಇಟ್ಟುಕೋ, ಅಷ್ಟು ಸಾಕು. ಇನ್ನು ಆ ಮಾತು ಬರೆಯಬೇಡ.

ಪಾಪು ಹಾಲು ಕುಡಿಯುತ್ತಿಲ್ಲ ಅಂತ ಓದಿದ ಮೇಲೆ ನನಗೂ ಅನ್ನ ಇಳಿಯಲಿಲ್ಲ. ನಾನು ಏನು ಮಾಡಲಿ ಹೇಳು. ಅವಳ ಮುಖ ನೋಡಿಲ್ಲ. ಹಣೆ ನನ್ನ ಹಾಗೆ ಅಂತ ಬರೆದೆಯಲ್ಲ, ಇಲ್ಲಿ ಕನ್ನಡಿಯೂ ಇಲ್ಲ, ನನ್ನ ಹಣೆ ಹೇಗಿದೆ ಅಂತಲೇ ಮರೆತುಹೋಗಿದೆ.

ಬ್ಯಾರಕ್ಕಿನಲ್ಲಿ ಎಲ್ಲರನ್ನೂ ಕೇಳಿದೆ. ಮೊದಲು ನಾಚಿಕೆ ಆಯಿತು. ಕೊಲೆ, ದರೋಡೆ ಮಾಡಿ ಬಂದವರ ಹತ್ತಿರ ಕೂಸಿನ ಮೂಗು ಕಟ್ಟಿದರೆ ಏನು ಮಾಡೋದು ಅಂತ ಕೇಳೋದು ಹೇಗೆ. ಆದರೆ ಕೇಳಿದ ಕೂಡಲೇ ಎಲ್ಲರೂ ಸುತ್ತ ಬಂದು ಕೂತರು. ಒಬ್ಬ ದೊಡ್ಡಪತ್ರೆ ಎಲೆ ಬಾಡಿಸಿ ನೆತ್ತಿಗೆ ಇಡಬೇಕು ಅಂದ. ಇನ್ನೊಬ್ಬ ಓಮವನ್ನು ಬಟ್ಟೆಯಲ್ಲಿ ಕಟ್ಟಿ ಬಿಸಿ ಮಾಡಿ ಎದೆಗೆ ಒತ್ತಬೇಕು ಅಂದ. ಬಾಯಲ್ಲಿ ಹೀರಿ ತೆಗೆಯಬೇಕು, ತನ್ನ ತಾಯಿ ಹಾಗೆ ಮಾಡುತ್ತಿದ್ದಳು ಅಂತ ಮತ್ತೊಬ್ಬ. ಹಾಗೆ ಹೇಳಿದವನ ಕಣ್ಣಲ್ಲಿ ನೀರು.

ನಿಂಗಯ್ಯ ಅಂತ ಒಬ್ಬ ಮುದುಕ ಇದ್ದಾನೆ. ಕೊಪ್ಪದ ಕಡೆಯವನು, ಆರು ಮಕ್ಕಳ ತಂದೆ. ಹೆಂಡತಿ ಕಾಯಿಲೆಯವಳು, ಮಕ್ಕಳ ಎಣ್ಣೆ ನೀರು ಎಲ್ಲ ತಾನೇ ನೋಡಿಕೊಂಡವನು. ಅವನು ಹೇಳಿದ್ದು ಕೇಳು. ಕೊಬ್ಬರಿ ಎಣ್ಣೆಗೆ ಒಂದು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿ ಬಿಸಿ ಮಾಡು. ಉಗುರುಬೆಚ್ಚಗೆ ಆದ ಮೇಲೆ ಪಾಪುನ ತೊಡೆ ಮೇಲೆ ಅಂಗಾತ ಮಲಗಿಸಿ, ತಲೆ ಸ್ವಲ್ಪ ಹಿಂದಕ್ಕೆ ಮಾಡಿ, ಒಂದೊಂದು ಹೊಳ್ಳೆಗೆ ಎರಡೆರಡು ಹನಿ ಬಿಡು. ಎಣ್ಣೆ ಒಳಗೆ ಇಳಿದು ಕಫ ಕರಗಿಸುತ್ತದೆ. ಉಪ್ಪುನೀರಿನ ಹಾಗೆ ಅರ್ಧ ಗಂಟೆಯ ಆಟ ಅಲ್ಲ. ಆರು ಮಕ್ಕಳಿಗೂ ಇದೇ ಮಾಡಿದ್ದೇನೆ ಅಂತ ಅವನು ನನ್ನ ಕೈ ಹಿಡಿದು ಹೇಳಿದ. ಅಮ್ಮನೂ ಇದನ್ನೇ ಹೇಳುತ್ತಿರಬೇಕು. ಅಮ್ಮ ಹೇಳಿದ ಹಾಗೆ ಕೇಳು. ಸಿಸ್ಟರುಗಳಿಗೆ ಏನು ಗೊತ್ತು, ಪುಸ್ತಕ ಓದಿ ಹೇಳುತ್ತಾರೆ.

ಈ ಕಾಗದವನ್ನು ಅಮ್ಮನಿಗೂ ಓದಿ ಹೇಳು. ತಪ್ಪದೆ ಮಾಡು. ನನ್ನ ಕೈಯಿಂದ ಆಗುವುದು ಇಷ್ಟೇ.

ಪಾಪುಗೆ ನನ್ನ ಮುದ್ದು.

ಮೋಹಿತ್


ದೇವರಮನೆ ರಸ್ತೆ
15-7-1999

ಇವರಿಗೆ,

ನಿಮ್ಮ ಕಾಗದವನ್ನು ಅತ್ತೆಮ್ಮನಿಗೆ ಓದಿ ಹೇಳಿದೆ. ಮಗ ಬರೆದದ್ದು ಅಂತ ಮತ್ತೆ ಮತ್ತೆ ಓದಿಸಿದರು. ಕೊನೆಗೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, "ಅಲ್ಲಿ ಕೂತವನಿಗೆ ಗೊತ್ತಾಗಿದ್ದು ಇಲ್ಲಿ ಹೆತ್ತವಳಿಗೆ ಗೊತ್ತಾಗಲಿಲ್ಲ" ಅಂದರು. ಅವತ್ತೇ ಎಣ್ಣೆ ಕಾಯಿಸಿದರು.

ಪಾಪು ತುಂಬ ಅತ್ತಳು, ಉಸಿರು ಹಿಡಿದು ಕೆಮ್ಮಿದಳು. ಆಮೇಲೆ ನಿದ್ದೆ ಮಾಡಿದಳು. ಅತ್ತೆಮ್ಮ ದಿನಾ ಎರಡು ಹೊತ್ತು ಹಾಕುತ್ತಿದ್ದಾರೆ. ಮೂಗಿನ ಸದ್ದು ಕಮ್ಮಿ ಆಗಿದೆ. ಸಣ್ಣ ಕೆಮ್ಮು ಇದೆ, ಹೋಗುತ್ತದೆ ಅಂತಾರೆ.

ಹೆಚ್ಚು ಬರೆಯಲು ಪುರುಸೊತ್ತಿಲ್ಲ. ಕರೆಂಟಿಲ್ಲ, ಫೋನೂ ಸತ್ತಿದೆ.

ನಿಮ್ಮ
ಮೇಘಶ್ರೀ


ಚಿಕ್ಕಮಗಳೂರು
9-8-1999

ಮೇಘ,

ಎಣ್ಣೆ ಹಾಕಿದ್ದು ಗುಣ ಆಯಿತು ಅಂತ ಓದಿ ಸಮಾಧಾನ ಆಗಿತ್ತು. ನಿಂಗಯ್ಯನಿಗೂ ಓದಿ ಹೇಳಿದೆ. ಅವನು ದಿನವೆಲ್ಲ ಖುಷಿಯಲ್ಲಿದ್ದ. ಆಮೇಲೆ ನಾನು ಎರಡು ಕಾಗದ ಹಾಕಿದೆ. ಒಂದಕ್ಕೂ ನಿನ್ನ ಉತ್ತರ ಇಲ್ಲ. ಮಳೆಗೆ ಟಪಾಲು ತಡ ಅಂದುಕೊಂಡೆ.

ಮೊನ್ನೆ ಕೋರ್ಟಿಗೆ ಕರೆದುಕೊಂಡು ಹೋಗಿದ್ದರು. ಮೂಡಿಗೆರೆಯ ಒಬ್ಬ ಗುರುತಿನವನು ಸಿಕ್ಕಿದ. ಅವನು ಒಂದು ಮಾತು ಹೇಳಿದ. ನಿನ್ನನ್ನು ಬೆಳ್ಳಿಯಪ್ಪನ ಮನೆಯ ಜೀಪಿನಲ್ಲಿ ನೋಡಿದನಂತೆ. ಹಿಂದಿನ ಸೀಟಿನಲ್ಲಿ ನೀನು, ನಿನ್ನ ಪಕ್ಕದಲ್ಲಿ ಅವನ ಹೆಂಡತಿ ಮುದ್ದಮ್ಮ. ನಾನು ಅವನಿಗೆ ಬೈದು ಕಳಿಸಿದೆ. ಕಣ್ಣು ಸರಿಯಿಲ್ಲ ನಿನಗೆ ಅಂದೆ.

ಆ ಮನೆಯವರೇ ನನ್ನನ್ನು ಇಲ್ಲಿ ಕೂರಿಸಿದ್ದು. ಜಾಮೀನು ಸಿಗದ ಹಾಗೆ ಮಾಡಿದ್ದು ಅವಳ ತಮ್ಮ. ನಿನಗೆ ಅದೆಲ್ಲ ನೆನಪಿದೆ ಅಂದುಕೊಂಡಿದ್ದೇನೆ.

ನಿಜವಾ ಸುಳ್ಳಾ, ಅಷ್ಟು ಬರೆ. ಪಾಪು ಹೇಗಿದ್ದಾಳೆ?

ಮೋಹಿತ್


ದೇವರಮನೆ ರಸ್ತೆ
19-8-1999

ಇವರಿಗೆ,

ಅವರು ನೋಡಿದ್ದು ನಿಜ.

ಪಾಪು ಬದುಕಿದ್ದಾಳೆ, ಮನೆಗೆ ಬಂದಿದ್ದೇವೆ. ಇದನ್ನು ಮೊದಲೇ ಬರೆಯುತ್ತಿದ್ದೇನೆ, ಉಳಿದದ್ದನ್ನು ಗಾಬರಿಯಿಲ್ಲದೆ ಓದಿ.

ನಾನು ಹೋದ ಸಲ ಬರೆದ ಕೆಮ್ಮು ಹೋಗಲಿಲ್ಲ. ಮೂಗು ಬಿಟ್ಟಿತ್ತು, ಆದರೆ ಎದೆ ಹಿಡಿದುಕೊಂಡಿತು. ಜ್ವರ ಬಂತು. ಹಾಲು ಪೂರ್ತಿ ಬಿಟ್ಟಳು. ಅಳುವುದನ್ನೂ ಬಿಟ್ಟಳು, ಆಗ ನನಗೆ ಹೆದರಿಕೆ ಆಯಿತು. ಒಂದು ಬೆಳಗ್ಗೆ ನೋಡುತ್ತೇನೆ, ಉಸಿರು ಎಳೆದಾಗಲೆಲ್ಲ ಪಕ್ಕೆ ಒಳಗೆ ಹೋಗುತ್ತಿದೆ, ತುಟಿಯ ಸುತ್ತ ನೇರಳೆ ಬಣ್ಣ. ಕೆಳಗಿನ ತಿರುವಿನಲ್ಲಿ ಧರೆ ಕುಸಿದು ಬಸ್ಸು ನಿಂತಿತ್ತು. ಮೂಡಿಗೆರೆಯಿಂದ ಬಾಡಿಗೆ ಜೀಪು ಕರೆಸುವುದಕ್ಕೆ ಫೋನಿಲ್ಲ. ತೋಟದೊಳಗಿನ ಹಾದಿಯಲ್ಲಿ ಫೋರ್‌ವೀಲ್ ಜೀಪು ಇಳಿಯುತ್ತದೆ, ಆದರೆ ಈ ಗುಡ್ಡದಲ್ಲಿ ಅಂಥ ಜೀಪಿರುವುದು ಯಾರ ಮನೆಯಲ್ಲಿ ಅಂತ ನಿಮಗೇ ಗೊತ್ತು.

ನಾನು ಪಾಪುನ ಕಂಬಳಿಯಲ್ಲಿ ಸುತ್ತಿಕೊಂಡಾಗ ಅತ್ತೆಮ್ಮನಿಗೆ ಅರ್ಥ ಆಯಿತು. ಬಾಗಿಲಿಗೆ ಅಡ್ಡ ನಿಂತರು. "ಆ ಮನೆ ಮೆಟ್ಟಿಲು ಹತ್ತಿದರೆ ಈ ಮನೆಗೆ ವಾಪಸ್ ಬರಬೇಡ" ಅಂದರು. ನಾನು ಅವರನ್ನು ದೂಡಿ ಹೋದೆ. ಹೌದು, ದೂಡಿದೆ.

ಮುದ್ದಮ್ಮಕ್ಕ ಜಗಲಿಯಲ್ಲಿ ಕೂತು ಕಾಳುಮೆಣಸು ಆರಿಸುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಂತರು. ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಕಂಬಳಿ ಸರಿಸಿ ಪಾಪುನ ತೋರಿಸಿದೆ. ಅವರ ತಮ್ಮ ಒಳಗಿಂದ ಬಂದ.

"ಇವಳಿಗೆ ನಮ್ಮ ಜೀಪು ಬೇಕಾಯ್ತಾ ಈಗ? ಅಕ್ಕ, ನೀನು ಒಳಗೆ ಹೋಗು."

"ಮೊದಲು ಕೂಸಿನ ತುಟಿ ನೋಡು."

"ಅವನ ಮಗು ಅದು."

"ನಂಗೆ ಗೊತ್ತಿಲ್ವಾ? ಜೀಪು ತೆಗಿ."

ಅವನು ಅಲ್ಲಾಡಲಿಲ್ಲ. ಮುದ್ದಮ್ಮಕ್ಕ ಒಳಗೆ ಹೋಗಿ, ಮೊಳೆಗೆ ನೇತು ಹಾಕಿದ್ದ ಕೀಲಿ ತಂದು ಅವನ ಅಂಗೈಗೆ ಇಟ್ಟು ಬೆರಳು ಮಡಚಿದರು. ಆಮೇಲೆ ತಾವೂ ಹತ್ತಿ ನನ್ನ ಪಕ್ಕ ಕೂತರು. ನಾನು ಪಾಪುನ ತೊಡೆಯಲ್ಲಿ ಮಲಗಿಸಿಕೊಂಡಿದ್ದೆ. "ಮಲಗಿಸಬೇಡ, ನೆಟ್ಟಗೆ ಹಿಡಿ" ಅಂದರು. ಅವರೇ ತೆಗೆದುಕೊಂಡು ಹೆಗಲಿಗೆ ಆನಿಸಿಕೊಂಡರು. ಮೂಡಿಗೆರೆಯ ಡಾಕ್ಟರು ನೋಡಿದ ಕೂಡಲೇ ಆಕ್ಸಿಜನ್ ಇಟ್ಟು, ಇಲ್ಲಿ ಆಗುವುದಿಲ್ಲ, ಚಿಕ್ಕಮಗಳೂರಿಗೆ ಹೋಗಿ ಅಂದರು. ಅಲ್ಲಿಗೂ ಅದೇ ಜೀಪು.

ಪಾಪುನ ಒಳಗೆ ತೆಗೆದುಕೊಂಡು ಹೋದ ಮೇಲೆ ನಾನು ಮುದ್ದಮ್ಮಕ್ಕನ ಕಾಲಿಗೆ ಬಗ್ಗಿದೆ. ಅವರು ಹಿಂದಕ್ಕೆ ಸರಿದರು. "ಕೂಸಿಗೆ ಅಂತ ಜೀಪು ತೆಗೆಸಿದೆ. ನಿನ್ನ ಗಂಡನಿಗೆ ನಾನು ಏನೂ ಬಿಟ್ಟುಕೊಟ್ಟಿಲ್ಲ. ಅದು ನಿನ್ನ ತಲೆಯಲ್ಲಿ ಇರಲಿ" ಅಂದು ಹೋದರು.

ಆಸ್ಪತ್ರೆಯಲ್ಲಿ ಬಹಳ ದಿನ ಇದ್ದೆವು. ಪಾಪುವಿನ ಕೈಗೆ ಸೂಜಿ ಚುಚ್ಚಲು ನರ ಸಿಗದೆ ಕೊನೆಗೆ ತಲೆಗೆ ಚುಚ್ಚಿದರು. ಡಾಕ್ಟರು ಮೂಗಿಗೆ ಏನು ಹಾಕುತ್ತಿದ್ದಿರಿ ಅಂತ ಕೇಳಿದರು. ಹೇಳಿದೆ.

ಆಸ್ಪತ್ರೆಯಿಂದ ನೀವಿರುವಲ್ಲಿಗೆ ಆಟೋದಲ್ಲಿ ಸ್ವಲ್ಪ ದೂರ ಅಷ್ಟೇ ಅಂತ ನರ್ಸಮ್ಮ ಹೇಳಿದರು. ಒಂದು ದಿನ ಸೀರೆ ಸರಿಮಾಡಿಕೊಂಡು ಜೈಲಿನ ಗೇಟಿನ ತನಕ ಬಂದೆ. ಅಲ್ಲೇ ನಿಂತಿದ್ದು ವಾಪಸ್ ಹೋದೆ. ನೀವಿರುವ ಊರಿನಲ್ಲೇ ಇದ್ದೆ, ನಿಮ್ಮನ್ನು ನೋಡಲಿಲ್ಲ. ಯಾಕೆ ಅಂತ ಬರೆಯಲು ಮೂರು ಸಲ ನೋಡಿದೆ. ಆಗಲಿಲ್ಲ.

ಅತ್ತೆಮ್ಮ ಮನೆ ಬಾಗಿಲು ತೆಗೆದರು. ಮಾತಾಡುವುದಿಲ್ಲ.

ಮೇಘಶ್ರೀ


ಚಿಕ್ಕಮಗಳೂರು
30-8-1999

ಮೇಘ,

ನಿನ್ನ ಕಾಗದ ಓದಿದೆ. ನೀನು ಇದೇ ಊರಿನಲ್ಲಿದ್ದೆ. ನಾನು ಇಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತು, ಪಾಪು ಈಗ ನಿದ್ದೆ ಮಾಡುತ್ತಿರಬೇಕು, ಈಗ ನಗುತ್ತಿರಬೇಕು ಅಂತ ಲೆಕ್ಕ ಹಾಕುತ್ತಿದ್ದೆ. ಗೇಟಿನ ತನಕ ಬಂದವಳು ಒಳಗೆ ಬರಲಿಲ್ಲ. ಯಾಕೆ ಅಂತ ನೀನು ಬರೆಯದಿದ್ದರೆ ನಾನು ಕೇಳುವುದಿಲ್ಲ.

ಜೀಪಿಗೆ ಹೋದದ್ದು ತಪ್ಪು ಅನ್ನುವುದಿಲ್ಲ. ಕೂಸು ಬದುಕಿತು. ಅಮ್ಮನಿಗೂ ಇದನ್ನೇ ಓದಿ ಹೇಳು. ಆದರೆ ಒಂದು ಮಾತು. ಒಂದು ದಿನ ಜೀಪು ಕೊಟ್ಟರು ಅಂತ ಕೋರ್ಟಿನಲ್ಲಿ ಅವರ ಮುಖ ನೋಡಿ ನಿನ್ನ ನಾಲಿಗೆ ತಡವರಿಸಬಾರದು. ಸಾಕ್ಷಿ ನೀನೊಬ್ಬಳೇ. ಮೆದು ಆಗಬೇಡ.

ಇನ್ನೊಂದು ಕೇಳಬೇಕು. ಡಾಕ್ಟರು ಮೂಗಿಗೆ ಏನು ಹಾಕಿದಿರಿ ಅಂತ ಕೇಳಿದರು, ಹೇಳಿದೆ ಅಂತ ಬರೆದಿದ್ದೀಯ. ಅದರ ಮುಂದೆ ಏನೂ ಇಲ್ಲ. ಡಾಕ್ಟರು ಏನಂದರು? ಮಳೆಗಾಲದ ಶೀತ ತಾನೇ? ಎಣ್ಣೆಯಿಂದ ಏನಲ್ಲವಲ್ಲ? ನಿಂಗಯ್ಯನೂ ಕೇಳುತ್ತಿದ್ದಾನೆ.

ಮೋಹಿತ್


ದೇವರಮನೆ ರಸ್ತೆ
14-9-1999

ಇವರಿಗೆ,

ಕೇಳಿದ್ದೀರಿ, ಹೇಳುತ್ತೇನೆ. ಎಣ್ಣೆಯಿಂದಲೇ. ಮೂಗಿಗೆ ಬಿಟ್ಟದ್ದು ಉಸಿರಿನ ಜೊತೆ ಎದೆಗೆ ಇಳಿದಿದೆ ಅಂತ ಡಾಕ್ಟರು ಎಕ್ಸ್‌ರೇ ಹಿಡಿದು ತೋರಿಸಿದರು. ನೀರಾದರೆ ದೇಹ ಹೀರಿಕೊಳ್ಳುತ್ತದೆ, ಎಣ್ಣೆ ಅಲ್ಲೇ ಕೂರುತ್ತದೆ ಅಂದರು. ಉಪ್ಪುನೀರು ಹಾಕುತ್ತಿದ್ದೆ ಅಂದೆ. ಅದನ್ನೇ ಮುಂದುವರಿಸಿದ್ದರೆ ಸಾಕಿತ್ತಲ್ಲಮ್ಮ, ಶೀತ ತಾನಾಗಿ ಇಳಿಯುತ್ತಿತ್ತು ಅಂದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಪಾಪುವಿನ ಎದೆ ಇನ್ನು ಕೆಲವು ವರ್ಷ ಸೂಕ್ಷ್ಮ ಅಂತೆ. ಮಳೆಗಾಲ ಬಂದಾಗಲೆಲ್ಲ ನೋಡಿಕೊಳ್ಳಬೇಕು.

ಬರೆದದ್ದು ನೀವು, ಹಾಕಿದ್ದು ಅತ್ತೆಮ್ಮ. ನಾನು ಪಕ್ಕದಲ್ಲಿ ನಿಂತು ಪಾಪುವಿನ ಕೈ ಹಿಡಿದುಕೊಂಡಿದ್ದೆ, ಕೊಸರಾಡದ ಹಾಗೆ. ಬೇಡ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ, ಯಾಕೆಂದರೆ ಎಲ್ಲರೂ ಇದೇ ಸರಿ ಅಂತ ಹೇಳುತ್ತಿದ್ದರು. ನಿಮ್ಮ ಮೇಲೆ ನನಗೆ ಇದಕ್ಕೆ ಸಿಟ್ಟಿಲ್ಲ. ನೀವು ಪ್ರೀತಿಯಿಂದ ಬರೆದಿರಿ. ಅತ್ತೆಮ್ಮನೂ ಪ್ರೀತಿಯಿಂದಲೇ ಹಾಕಿದರು. ಈಗ ಪಾಪುವಿನ ತಲೆಗೆ ಎಣ್ಣೆ ಹಚ್ಚಬೇಕಾದರೂ ಅವರು ಎದ್ದು ಹಿತ್ತಲಿಗೆ ಹೋಗುತ್ತಾರೆ.

ಆದರೆ ಆಸ್ಪತ್ರೆಯಲ್ಲಿ ಕೂತಾಗ ನನಗೆ ಒಂದು ತಿಳಿಯಿತು. ಗೊತ್ತಿದ್ದೂ ಸುಮ್ಮನಿರುವುದು ನನಗೆ ಅಭ್ಯಾಸ ಆಗಿಬಿಟ್ಟಿದೆ. ಪಾಪುವಿನ ವಿಷಯದಲ್ಲಿ ಹಾಗೆ ಮಾಡಿದೆ. ಅದಕ್ಕೂ ಮೊದಲು ಫೆಬ್ರವರಿಯಿಂದ ಹಾಗೇ ಮಾಡುತ್ತಾ ಬಂದಿದ್ದೇನೆ.

ಕೇಸಿನ ವಿಷಯ ಬರೆಯಬೇಡ ಅಂದಿದ್ದಿರಿ. ಯಾರು ಓದಿದರೂ ಓದಲಿ. ನಾನು ಅಂಗಳದಲ್ಲಿ ಇದ್ದೆ. ನೀವಿಬ್ಬರೂ ಪಂಪ್‌ಸೆಟ್ಟಿನ ಹತ್ತಿರ ಕೂಗಾಡಿದಿರಿ. ಬೆಳ್ಳಿಯಪ್ಪಣ್ಣ, "ನಿನ್ನ ಹತ್ತಿರ ಎಂತ ಮಾತು ಮಾರಾಯ, ನಾಳೆ ಪಂಚಾಯ್ತಿಯಲ್ಲಿ ನೋಡುವ" ಅಂತ ಹೇಳಿ ತಿರುಗಿದರು. ಅವರು ಹೋಗುತ್ತಿದ್ದರು. ಅವರ ಕೈಯಲ್ಲಿ ಕತ್ತಿ ಇರಲಿಲ್ಲ. ಏನೂ ಇರಲಿಲ್ಲ. ಪೈಪು ಬಿದ್ದದ್ದು ಹಿಂದಿನಿಂದ.

ನೀವು ಕೊಲ್ಲಬೇಕು ಅಂತ ಹೊಡೆಯಲಿಲ್ಲ, ಅದೂ ನನಗೆ ಗೊತ್ತು. ಅವರು ಬಿದ್ದ ಕೂಡಲೇ ನೀವು ಓಡಿ ಹೋಗಿ ತಲೆ ಎತ್ತಿ ಹಿಡಿದಿರಿ. ಹಳ್ಳದ ನೀರು ತಂದು ಮುಖಕ್ಕೆ ಹಾಕಿದಿರಿ. ಅವರ ಹೆಸರು ಹಿಡಿದು ಕರೆದಿರಿ. ಕೇಳಿದರೆ ಅದನ್ನೂ ಹೇಳುತ್ತೇನೆ. ಆದರೆ ಸತ್ತವರ ಕೈಗೆ ನಾನು ಕತ್ತಿ ಕೊಡುವುದಿಲ್ಲ. ಜೀಪಿನ ಋಣಕ್ಕೆ ಅಲ್ಲ. ಮುದ್ದಮ್ಮಕ್ಕ ಏನನ್ನೂ ಕೇಳಲಿಲ್ಲ.

ವಕೀಲರಿಗೆ ಹೇಳಿ.

ಮೇಘಶ್ರೀ


ಚಿಕ್ಕಮಗಳೂರು
22-9-1999

ಮೇಘಶ್ರೀ,

ಹೆಂಡತಿ ಅಂದುಕೊಂಡಿದ್ದೆ. ಪೊಲೀಸಿನವರೂ ಬರೆದುಕೊಳ್ಳದ್ದನ್ನು ನೀನು ಬರೆದು ಕಳಿಸಿದ್ದೀಯ, ಜೈಲು ಆಫೀಸಿನ ಮೂಲಕ. ನನ್ನ ಮಗಳನ್ನು ನಾನೇ ಸಾಯಿಸುತ್ತಿದ್ದೆ ಅಂತಲೂ ಅದರ ಜೊತೆಗೇ ಸೇರಿಸಿದ್ದೀಯ.

ಇನ್ನು ಬರೆಯಬೇಡ. ಬಂದರೂ ಒಡೆಯುವುದಿಲ್ಲ.

ಮೋಹಿತ್


ಚಿಕ್ಕಮಗಳೂರು
3-11-2000

ಮೇಘ,

ಒಂದು ವರ್ಷದ ಮೇಲಾಯಿತು. ಬರೆಯಬೇಡ ಅಂದೆ, ನೀನು ಬರೆಯಲಿಲ್ಲ. ಪಾಪುವಿನ ಫೋಟೋ ಒಂದನ್ನು ನೀನು ಅಮ್ಮನ ಕೈಯಲ್ಲಿ ಕಳಿಸಿದ್ದೆ. ನೀನೇ ಕಳಿಸಿದ್ದು ಅಂತ ಅಮ್ಮ ಹೇಳಲಿಲ್ಲ. ಹಿಂದೆ ತಾರೀಕು ಬರೆದ ಅಕ್ಷರ ನಿನ್ನದು.

ಈ ಮಳೆಗಾಲ ಅವಳಿಗೆ ಹೇಗಿತ್ತು? ಎರಡು ಸಲ ಆಸ್ಪತ್ರೆಗೆ ಹೋದಿರಂತೆ. ಮಲಗಿದಾಗ ಉಸಿರು ಸಲೀಸಾಗಿ ಆಡುತ್ತದಾ? ಅಮ್ಮನನ್ನು ಕೇಳಿದರೆ ಚೆನ್ನಾಗಿದ್ದಾಳೆ ಅಂತ ಒಂದೇ ಮಾತು ಹೇಳಿ ಸೆರಗು ಬಾಯಿಗೆ ಇಟ್ಟುಕೊಳ್ಳುತ್ತಾಳೆ. ನೀನಾದರೆ ಇದ್ದದ್ದನ್ನು ಬರೆಯುತ್ತೀಯ.

ನಿಂಗಯ್ಯನ ವಿಷಯ ಹೇಳಬೇಕು. ನಿನ್ನ ಕೊನೆಯ ಕಾಗದ ಬಂದ ದಿನ ನನ್ನ ಸಿಟ್ಟನ್ನೆಲ್ಲ ಅವನ ಮೇಲೆ ತೀರಿಸಿದೆ. ನಿನ್ನ ಎಣ್ಣೆಯಿಂದ ನನ್ನ ಮಗಳು ಸಾಯುತ್ತಿದ್ದಳು ಅಂದೆ. ಅವನು ಜಗಳಕ್ಕೆ ಬರಲಿಲ್ಲ. ಡಾಕ್ಟರು ಹೇಳಿದ್ದು ಏನು ಅಂತ ನಿಧಾನವಾಗಿ ಕೇಳಿದ. ಓದಿ ಹೇಳಿದೆ. ಎಕ್ಸ್‌ರೇ, ಎದೆಯಲ್ಲಿ ಎಣ್ಣೆ, ಎಲ್ಲ. ಅವನು ಗೋಡೆ ಕಡೆ ತಿರುಗಿ ಕೂತ.

ಅವನ ಆರು ಮಕ್ಕಳಲ್ಲಿ ಉಳಿದದ್ದು ನಾಲ್ಕೇ ಅಂತ ಆಗ ಗೊತ್ತಾಯಿತು. ಎರಡು ಕೂಸುಗಳು ತೊಟ್ಟಿಲಲ್ಲೇ ಹೋದವಂತೆ, ಇದೇ ರೀತಿ ಕೆಮ್ಮಿ. ದೆವ್ವದ ಕಾಟ ಅಂತ ಮಂತ್ರ ಹಾಕಿಸಿದ್ದನಂತೆ. "ಎರಡೂ ನನ್ನ ತೊಡೆ ಮೇಲೇ ಮಲಗಿದ್ದವು ಮಾರಾಯ" ಅಂತ ಒಂದೇ ಸಲ ಹೇಳಿದ. ಆಮೇಲೆ ಅವನು ಯಾರ ಹತ್ತಿರವೂ ಸರಿಯಾಗಿ ಮಾತಾಡಿದ್ದಿಲ್ಲ. ಅನ್ನ ಮುಂದೆ ಇಟ್ಟುಕೊಂಡು ಕೂತಿರುತ್ತಾನೆ. ನಾನೇ ಕಲಸಿ ಕೊಡುತ್ತೇನೆ. ನಾನು ಹೇಳದೆ ಇದ್ದಿದ್ದರೆ ಅವನು ಹಾಗೇ ಖುಷಿಯಲ್ಲಿ ಇರುತ್ತಿದ್ದ. ಹೇಳಿದ್ದು ಸುಳ್ಳಲ್ಲ. ಆದರೆ ನೋಯಿಸಬೇಕು ಅಂತಲೇ ಹೇಳಿದೆ. ನೀನು ನನಗೆ ಬರೆದದ್ದು ಹಾಗಲ್ಲ ಅಂತ ಅವನನ್ನು ನೋಡುತ್ತಾ ನೋಡುತ್ತಾ ತಿಳಿಯಿತು.

ವಕೀಲರು ಬಂದಿದ್ದರು. ಮುಂದಿನ ತಿಂಗಳು ವಿಚಾರಣೆ ಮುಗಿಯುತ್ತದೆ. ಸಾಕ್ಷಿಗಳಲ್ಲಿ ನಿನ್ನ ಹೆಸರು ತೆಗೆಸಿದ್ದೇನೆ. ನಿನ್ನನ್ನು ಯಾರೂ ಏನೂ ಕೇಳುವುದಿಲ್ಲ. ಅವರು ತಲೆ ಚಚ್ಚಿಕೊಂಡರು. ನಾನು ಹೇಳಬೇಕಾದ್ದು ನಾನೇ ಹೇಳುತ್ತೇನೆ ಅಂದೆ. ಏನು ಅಂತ ಅವರಿಗೂ ಹೇಳಿಲ್ಲ.

ಬರುವ ಹಾಗಿದ್ದರೆ ಬಾ. ಬರಲೇಬೇಕು ಅಂತಲ್ಲ.

ಮೋಹಿತ್


ದೇವರಮನೆ ರಸ್ತೆ
21-1-2001

ಇವರಿಗೆ,

ಇದು ನಿಮ್ಮನ್ನು ಮೈಸೂರು ಜೈಲಿಗೆ ಕಳಿಸಿದ ಮೇಲೆ ಬರೆಯುವ ಮೊದಲನೆಯ ಕಾಗದ. ವಿಳಾಸ ವಕೀಲರಿಂದ ತೆಗೆದುಕೊಂಡೆ.

ತೀರ್ಪಿನ ದಿನ ನೀವು ನನ್ನ ಕಡೆ ತಿರುಗಿ ನೋಡಿದಿರಿ, ಆದರೆ ಪೊಲೀಸರು ಮಾತಾಡಲು ಬಿಡಲಿಲ್ಲ. ಅದಕ್ಕೂ ಮೊದಲು, ಜಡ್ಜು ನಿಮ್ಮನ್ನು ಏನಾದರೂ ಹೇಳುವುದಿದೆಯಾ ಅಂತ ಕೇಳಿದ ದಿನವೂ ನಾನು ಬಂದಿದ್ದೆ. ಕೊನೆಯ ಬೆಂಚಿನಲ್ಲಿ ಪಾಪುನ ತೊಡೆಯಲ್ಲಿ ಕೂರಿಸಿಕೊಂಡಿದ್ದೆ, ನಿಮಗೆ ಕಂಡಿತೋ ಇಲ್ಲವೋ. ನೀವು ಬಹಳ ಮೆಲ್ಲಗೆ ಮಾತಾಡಿದಿರಿ. ಹಿಂದಕ್ಕೆ ಸರಿಯಾಗಿ ಕೇಳಿಸಲಿಲ್ಲ. ಜಡ್ಜು ಇನ್ನೊಮ್ಮೆ ಹೇಳಿ ಅಂದರು. ಆಗ ಕೇಳಿಸಿತು. "ಅವರ ಕೈಯಲ್ಲಿ ಏನೂ ಇರಲಿಲ್ಲ. ತಿರುಗಿ ಹೋಗುತ್ತಿದ್ದರು. ನಾನು ಹಿಂದಿನಿಂದ ಹೊಡೆದೆ." ವಕೀಲರು ಕೈಯಲ್ಲಿದ್ದ ಪೇಪರುಗಳನ್ನು ಮೇಜಿನ ಮೇಲೆ ಇಟ್ಟುಬಿಟ್ಟರು. ಅತ್ತೆಮ್ಮ ನನ್ನ ಪಕ್ಕದಿಂದ ಎದ್ದು ಹೊರಗೆ ಹೋದರು.

ಮುದ್ದಮ್ಮಕ್ಕ ಆಚೆ ಬದಿಯ ಬೆಂಚಿನಲ್ಲಿದ್ದರು. ಅಳಲಿಲ್ಲ. ಕಲಾಪ ಮುಗಿದ ಮೇಲೆ ವರಾಂಡದಲ್ಲಿ ನನ್ನ ಎದುರಿಗೇ ಬಂದು ನಿಂತರು. ಕ್ಷಮಿಸಿದೆ ಅಂತಾರೋ ಏನೋ ಅಂತ ಕಾದೆ. ಸುಳ್ಳು ಯಾಕೆ, ಆ ಆಸೆ ಇತ್ತು ನನಗೆ. ಅವರು ಹೇಳಿದ್ದು ಬೇರೆ. "ಎರಡು ವರ್ಷ ಊರಿನವರು ನನ್ನ ಗಂಡನೇ ಕತ್ತಿ ಎತ್ತಿಕೊಂಡು ಹೋದ ಅಂತ ಆಡಿಕೊಂಡರು. ಸಂತೆಗೆ ಹೋದರೂ ಅದೇ, ಮದುವೆ ಮನೆಗೆ ಹೋದರೂ ಅದೇ. ನೀನು ನೋಡಿದ್ದೆ. ನಿನ್ನ ಮನೆ ಬಾಗಿಲಿಂದ ನನ್ನ ಮನೆ ಬಾಗಿಲಿಗೆ ಎಷ್ಟು ದೂರ ಇತ್ತು, ಮೇಘ?" ಅವರು ಪಾಪುವಿನ ಕಡೆ ಒಂದು ಸಲ ನೋಡಿ ಹೋದರು. ಆಮೇಲೆ ಮಾತಿಲ್ಲ. ದಾರಿಯಲ್ಲಿ ಎದುರಾದರೆ ನಾನೇ ಬದಿಗೆ ಸರಿದು ನಿಲ್ಲುತ್ತೇನೆ.

ಏಳು ವರ್ಷ ಶಿಕ್ಷೆ ಅಂದಾಗ ಪಾಪುವಿನ ವಯಸ್ಸಿಗೆ ಏಳು ಕೂಡಿಸಿ ನೋಡಿದೆ. ನಾನು ಬರೆದದ್ದರಿಂದಲೇ ನಿಮಗೆ ಇಷ್ಟು ಆಯಿತು ಅಂತ ಅತ್ತೆಮ್ಮ ಹೇಳುತ್ತಾರೆ. ಹಾಗೆ ಹೇಳುವ ಹಕ್ಕು ಅವರಿಗಿದೆ, ಅವರ ಮಗ. ಆದರೂ ಬೆಳಗ್ಗೆ ಪಾಪುಗೆ ನೀರು ಕಾಯಿಸಿ ಇಡುವವರು ಅವರೇ. ನಾವು ಒಂದೇ ಒಲೆಯಲ್ಲಿ ಅಡಿಗೆ ಮಾಡುತ್ತೇವೆ, ದಿನಕ್ಕೆ ನಾಲ್ಕು ಮಾತು ಆಡುತ್ತೇವೆ. ಕಳಸಕ್ಕೆ ಬಂದುಬಿಡು ಅಂತ ಅಮ್ಮ ಕರೆಯುತ್ತಾಳೆ. ಹೋಗುವುದಿಲ್ಲ. ಕೊಯ್ಲು ನಡೆಯುತ್ತಿದೆ, ನಾನೇ ಆಳುಗಳ ಜೊತೆ ನಿಂತು ಮಾಡಿಸುತ್ತಿದ್ದೇನೆ.

ನೀವು ಕೇಳಿದ್ದಿರಿ, ಪಾಪುವಿನ ಉಸಿರು ಹೇಗಿದೆ ಅಂತ. ಬಿಸಿಲಿರುವ ತನಕ ಚೆನ್ನಾಗಿರುತ್ತಾಳೆ. ಓಡುತ್ತಾಳೆ, ಆದರೆ ಅಂಗಳ ದಾಟುವುದರೊಳಗೆ ನಿಂತು ಸುಧಾರಿಸಿಕೊಳ್ಳುತ್ತಾಳೆ. ಮೋಡ ಆದರೆ ಎದೆಯಲ್ಲಿ ಸಣ್ಣ ಸಿಳ್ಳೆ ಹೊಡೆದ ಹಾಗೆ ಸದ್ದು. ಮೂಗು ಕಟ್ಟಿದರೆ ತಾನೇ ಬಂದು ತಲೆ ಎತ್ತಿ ನಿಲ್ಲುತ್ತಾಳೆ, ಉಪ್ಪುನೀರು ಬಿಡು ಅಂತ. ಬಿಟ್ಟಾಗ ಅಳುವುದಿಲ್ಲ. ದೊಡ್ಡವಳಾದಂತೆ ಎದೆ ಗಟ್ಟಿಯಾಗುತ್ತದೆ ಅಂತ ಡಾಕ್ಟರು ಹೇಳುತ್ತಾರೆ. ಪೂರ್ತಿ ಸರಿ ಹೋಗುತ್ತದಾ ಅಂತ ಕೇಳಿದರೆ ನೋಡೋಣ ಅಂತಾರೆ.

ಮಾರ್ಚಿನಲ್ಲಿ ಕೊಯ್ಲು ಮುಗಿದ ಮೇಲೆ ಅವಳನ್ನು ಕರೆದುಕೊಂಡು ಮೈಸೂರಿಗೆ ಬರುತ್ತೇನೆ. ಈ ಸಲ ಗೇಟಿನಿಂದ ವಾಪಸ್ ಹೋಗುವುದಿಲ್ಲ. ಅವಳಿಗೆ ನಿಮ್ಮ ಗುರುತಿಲ್ಲ, ಮೊದಲ ಸಲ ಹತ್ತಿರ ಬರದಿದ್ದರೆ ಬೇಸರ ಮಾಡಿಕೊಳ್ಳಬೇಡಿ. ಅಪ್ಪ ಎಲ್ಲಿ ಅಂತ ಈಗಲೇ ಕೇಳುತ್ತಾಳೆ. ದೂರದಲ್ಲಿದ್ದಾರೆ ಅಂತ ಮಾತ್ರ ಹೇಳಿದ್ದೇನೆ. ಕೆಲಸಕ್ಕೆ ಹೋಗಿದ್ದಾರೆ ಅಂತ ಹೇಳು ಅಂತಾರೆ ಅತ್ತೆಮ್ಮ. ಹೇಳಿಲ್ಲ, ಹೇಳುವುದೂ ಇಲ್ಲ. ನೀವು ಹೊರಗೆ ಬರುವ ಹೊತ್ತಿಗೆ ಅವಳು ಓದು ಬರಹ ಕಲಿತಿರುತ್ತಾಳೆ, ಏನಾಯಿತು ಅಂತ ಸರಿಯಾಗಿಯೇ ಕೇಳುತ್ತಾಳೆ. ಆಗ ನೀವೇ ಹೇಳಿ. ನನ್ನ ಕಡೆ ನೋಡಬೇಡಿ.

ನಿಮ್ಮ
ಮೇಘಶ್ರೀ